ಕೊಕ್ಕರೆಯ ಊಟದ ನೀರು

ಆಫ್ರಿಕದ ಜೌಗುನೆಲಗಳಲ್ಲಿ ಒಂದೂವರೆ ಮೀಟರು ಎತ್ತರದ ಒಂದು ಕೊಕ್ಕರೆಯುಂಟು. ಅದರ ಕೆಂಪು ಕೊಕ್ಕಿಗೆ ಕಪ್ಪು ಪಟ್ಟಿ. ಬುಡದಲ್ಲಿ ಹಳದಿಯ ಜೀನು ಹೊದಿಸಿದಂತಿರುತ್ತದೆ. ಗಂಡಿನ ಕಣ್ಣು ಕಂದು, ಹೆಣ್ಣಿನದು ಹಳದಿ. ಪುಸ್ತಕದಲ್ಲಿ ಇದರ ಚಿತ್ರವನ್ನು ಕಂಡು ನಮ್ಮ ವಿದ್ಯಾರ್ಥಿಗಳು ಬೆರಗಾಗುವುದು ಸಹಜವೇ. ಆದರೆ ಅದೇ ಕುಟುಂಬದ ಹಕ್ಕಿ ತುಮಕೂರು ಜಿಲ್ಲೆಯಲ್ಲಿಯೇ ಸಂಸಾರ ಹೂಡಿರುವುದನ್ನು ಎಷ್ಟು ಮಂದಿ ಬಲ್ಲರು?

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಿಸೆಮರಗಳ ಮೇಲೆ ಗೂಡುಕಟ್ಟಿ ಮರಿಮಾಡುತ್ತವೆ. ಊರಿನವರು ಅವುಗಳನ್ನು ಕಾಯುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹುಣಿಸೆಹಣ್ಣಿನ ನಷ್ಟಕ್ಕೆ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರವನ್ನೂ ಕೊಟ್ಟಿದೆ. ಇವೆಲ್ಲ ಮೆಚ್ಚತಕ್ಕವು. ಆದರೆ ಇವು ಗೂಡನ್ನು ಕಾಯುತ್ತವೆಯೇ ಹೊರತು ಊಟವನ್ನಲ್ಲ.

ಬಣ್ಣದ ಕೊಕ್ಕರೆಯು ಮೀನನ್ನು ಕಣ್ಣಿನಿಂದ ಹುಡುಕುವುದು ಕಡಮೆ. ಅರ್ಧ ತೆರೆದ ಕೊಕ್ಕನ್ನು ಕದಡಿದ ನೀರಿನಲ್ಲಿ ಅದ್ದಿ, ಕಾಲಿನಿಂದ ಕೆಸರನ್ನು ಕಲಕುತ್ತ ನಡೆಯುತ್ತದೆ. ಮೀನು ಸೋಕಿದೊಡನೆ ಕೊಕ್ಕು ತಾನಾಗಿ ಮುಚ್ಚಿಕೊಳ್ಳುತ್ತದೆ. ಇದೇ ಕುಲಕ್ಕೆ ಸೇರಿದ ಅಮೆರಿಕದ ಕೊಕ್ಕರೆಯಲ್ಲಿ ಕಾಲ್ ಮತ್ತು ಪೀಕಾಕ್ ಎಂಬವರು 1963ರಲ್ಲಿ ಈ ಕ್ರಿಯೆಯ ವೇಗವನ್ನು ಪ್ರಕಟಿಸಿದರು: ಸೆಕೆಂಡಿನ ನಲವತ್ತನೆಯ ಒಂದು ಪಾಲು! ನಾವು ರೆಪ್ಪೆ ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಇಂಥ ಬೇಟೆಗೆ ಮೊಣಕಾಲುದ್ದದ ನೀರೇ ಆಗಬೇಕು. ಆಳವಾದ ಮಡುವಿನಲ್ಲಿ ಎಷ್ಟೇ ಮೀನಿದ್ದರೂ ಈ ಹಕ್ಕಿಗೆ ಅದು ಬೀಗ ಹಾಕಿದ ಉಗ್ರಾಣ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಸುವರ್ಣಮುಖಿಗೆ ಅಡ್ಡಗಟ್ಟಿದ ಬೋರನಕಣಿವೆ ಜಲಾಶಯವನ್ನಾಗಲಿ, ತಿಪಟೂರು, ತುರುವೇಕೆರೆಗಳ ಕೆರೆಗಳನ್ನಾಗಲಿ ನೋಡಿರಿ. ನೀರು ಹಿಂದೆ ಸರಿದಂತೆ ತೆಳುನೀರಿನ ಹೊಸ ಅಂಚು ತೆರೆದುಕೊಳ್ಳುತ್ತದೆ. ಮೀನುಗಳು ಅಲ್ಲಿ ಒತ್ತೊತ್ತಾಗಿ ಸೇರುತ್ತವೆ. ಕಂತ್ರಾಟುದಾರನ ಯಂತ್ರವು ಹೂಳಿನ ಜೊತೆಗೆ ಈ ಅಂಚನ್ನೂ ಕಡಿದು ಗೋಡೆಯಂಥ ಗುಂಡಿಯನ್ನು ಮಾಡಿದರೆ ಕೊಕ್ಕರೆಗೆ ನಿಲ್ಲಲು ನೆಲೆಯಿರದು.

ಹೂಳೆತ್ತಬಾರದೆಂದು ನಾನು ವಾದಿಸುವುದಿಲ್ಲ. ಕೊಳವೆಬಾವಿ ಬತ್ತಿ, ಸುಳಿ ಒಣಗಿದ ತೆಂಗಿನಮರದ ಕೆಳಗೆ ನಿಂತ ರೈತನಿಗೆ ಕೊಕ್ಕರೆಯ ಕಥೆ ರುಚಿಸದು; ರುಚಿಸಬೇಕೆಂದು ಕೇಳುವುದೂ ನ್ಯಾಯವಲ್ಲ. ಏರಿಯ ಕಡೆಗೆ, ಕೆರೆಯ ನಡುವೆ ಎಷ್ಟು ಬೇಕಾದರೂ ಆಳಮಾಡಲಿ. ನೀರು ಒಳಬರುವ ದಿಕ್ಕಿನ ಹಿನ್ನೀರಿನ ಅಂಚನ್ನು ಮಾತ್ರ ಇಳಿಜಾರಾಗಿಯೇ ಬಿಡಲಿ. ದನಕರುಗಳು ನೀರಿಗಿಳಿಯುವುದೂ ಅಲ್ಲಿಯೇ. ಕಡಿದಾದ ಗುಂಡಿಯಲ್ಲಿ ಹಳ್ಳಿಯ ಹುಡುಗರು ಕಾಲುಜಾರಿ ಮುಳುಗುವ ಭಯವೂ ತಗ್ಗುತ್ತದೆ. ಇಷ್ಟಕ್ಕೆ ಪ್ರತ್ಯೇಕ ಯೋಜನೆ ಬೇಕಾಗಿಲ್ಲ. ಹೂಳೆತ್ತುವ ಕೆಲಸದ ಅಂದಾಜುಪಟ್ಟಿಯಲ್ಲಿ ಒಂದು ಸಾಲನ್ನು ಸೇರಿಸಿದರೆ ಸಾಕು.