ಹಿಡಿ ಮುರಿದರೆ ಕತ್ತಿಯನ್ನೇ ಎಸೆಯುವುದೇ?

ಮಲೆನಾಡಿನ ಮನೆಗಳಲ್ಲಿ ಕತ್ತಿಯ ಹಿಡಿ ಮುರಿದರೆ ಹೊಸ ಹಿಡಿ ಹಾಕಿಸುತ್ತಾರೆ. ಗುದ್ದಲಿಯ ಕಾವು ಸವೆದರೆ ಕಾವು ಬದಲಾಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ವಾಷರ್ ಹೋದರೆ ವಾಷರ್ ತರುತ್ತಾರೆ. ತೋಟಕ್ಕೆ ನೀರೆತ್ತುವ ಮೋಟಾರು ಸುಟ್ಟರೆ ಪೇಟೆಗೆ ಒಯ್ದು ರಿವೈಂಡಿಂಗ್ ಮಾಡಿಸುತ್ತಾರೆ. ಹಿಡಿ ಮುರಿಯಿತೆಂದು ಕತ್ತಿಯನ್ನು ಹೊಳೆಗೆಸೆದ ರೈತನಿಲ್ಲ. ಇಷ್ಟು ವಿವೇಕವುಳ್ಳ ಅದೇ ಮನೆಯ ಮೂಲೆಯಲ್ಲಿ, ಮಗನದೋ ಮಗಳದೋ ಓದಿಗೆಂದು ಹತ್ತು ವರ್ಷಗಳ ಹಿಂದೆ ಸಾಲ ಮಾಡಿ ತಂದ ಗಣಕಯಂತ್ರವೊಂದು ಹಳೆಯ ಬಟ್ಟೆ ಹೊದ್ದು ಕುಳಿತಿದೆ. ಗುಂಡಿ ಒತ್ತಿದರೆ ಅದು ಇಂದಿಗೂ ಏಳುತ್ತದೆ, ನಿಧಾನವಾಗಿ. "ಇದರ ಕಾಲ ಮುಗಿಯಿತು, ಹೊಸದು ತಗೊಳ್ಳಿ" ಎಂದು ಪೇಟೆಯ ಅಂಗಡಿಯಾತ ತೀರ್ಪು ಕೊಟ್ಟಿದ್ದಾನೆ. ಮನೆಯವರು ನಂಬಿದ್ದಾರೆ. ಕತ್ತಿಯ ವಿಷಯದಲ್ಲಿ ಯಾರ ಮಾತನ್ನೂ ಕೇಳದವರು ಕಂಪ್ಯೂಟರಿನ ವಿಷಯದಲ್ಲಿ ಇಷ್ಟು ಸುಲಭವಾಗಿ ಸೋಲುವುದೇಕೆ?

ತೀರ್ಪು ಕೊಟ್ಟವರು ಯಾರು?

ಆ ತೀರ್ಪು ಅಂಗಡಿಯಾತನದ್ದಲ್ಲ. ಅದು ಬಹುದೂರದಿಂದ ಬಂದದ್ದು. 2015ರ ಜುಲೈ 29ರಂದು ಮೈಕ್ರೋಸಾಫ್ಟ್ ಕಂಪೆನಿ ಬಿಡುಗಡೆ ಮಾಡಿದ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ 2025ರ ಅಕ್ಟೋಬರ್ 14ರಂದು ಅಧಿಕೃತ ಬೆಂಬಲ ಕೊನೆಗೊಂಡಿತು. ಅದರ ಉತ್ತರಾಧಿಕಾರಿಯಾಗಿ 2021ರಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಕಂಪೆನಿಯ ಪಟ್ಟಿಯಲ್ಲಿರುವ ಸಂಸ್ಕಾರಕವನ್ನೂ ಕೇಳುತ್ತದೆ. ಇಂಟೆಲ್ ಸಂಸ್ಕಾರಕಗಳಲ್ಲಿ ಬಹುಮಟ್ಟಿಗೆ 2017ರಲ್ಲಿ ಬಂದ ಎಂಟನೆಯ ತಲೆಮಾರು ಮತ್ತು ಅದರ ನಂತರದವುಗಳಿಗೆ ಮಾತ್ರ ಆ ಪಟ್ಟಿಯಲ್ಲಿ ಸ್ಥಾನ.

ಇದರ ಅರ್ಥವನ್ನು ಬಿಡಿಸಿ ನೋಡಬೇಕು. 2016ರಲ್ಲಿ ಕೊಂಡ, 8 ಜಿಬಿ ರ‍್ಯಾಮ್ ಇರುವ ಕೋರ್ ಐ5 ಯಂತ್ರಕ್ಕೆ ಬಾಗಿಲು ಮುಚ್ಚಿದೆ. ಅದಕ್ಕಿಂತ ಎಷ್ಟೋ ದುರ್ಬಲವಾದ, ಕೇವಲ 4 ಜಿಬಿ ರ‍್ಯಾಮ್‌ನ ಅಗ್ಗದ ಸೆಲೆರಾನ್ ಯಂತ್ರಕ್ಕೆ, ಅದು ಆಮೇಲೆ ಹುಟ್ಟಿತೆಂಬ ಒಂದೇ ಕಾರಣಕ್ಕೆ, ಬಾಗಿಲು ತೆರೆದಿದೆ. ಇಲ್ಲಿ ಅಳೆದದ್ದು ದುಡಿಯುವ ಶಕ್ತಿಯನ್ನೇ ಆಗಿದ್ದರೆ ಫಲಿತಾಂಶ ಹೀಗಿರುತ್ತಿರಲಿಲ್ಲ.

ಇದೆಲ್ಲ ಬಳಕೆದಾರರ ಸುರಕ್ಷತೆಗಾಗಿ ಎಂಬುದು ಕಂಪೆನಿಯ ಸಮರ್ಥನೆ. ಸುರಕ್ಷತೆಯ ಪ್ರಶ್ನೆ ಸುಳ್ಳಲ್ಲ. ಭದ್ರತಾ ಪರಿಷ್ಕರಣೆ ನಿಂತುಹೋದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯವೇ ಸರಿ. ಆದರೆ ಅದೇ ಕಂಪೆನಿ ಅದೇ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಇನ್ನೊಂದು ವರ್ಷದ ಪರಿಷ್ಕರಣೆಯನ್ನು ಮನೆಬಳಕೆದಾರರಿಗೆ 30 ಡಾಲರ್ ಬೆಲೆ ಕಟ್ಟಿ, ಇಲ್ಲವೇ ತನ್ನ ಖಾತೆಗೆ ಯಂತ್ರವನ್ನು ಜೋಡಿಸುವ ಷರತ್ತು ಹಾಕಿ, ಮುಂದಿಟ್ಟಿತು. ಸಂಸ್ಥೆಗಳಿಗಾದರೆ, ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುವ ದರದಲ್ಲಿ, ಮೂರು ವರ್ಷಗಳವರೆಗೆ. ಹಣ ಕೊಟ್ಟವರಿಗೆ ತೇಪೆ ಹಾಕಲು ಸಾಧ್ಯವಾದ ಮೇಲೆ, ಕೊಡಲಾರದವರಿಗೆ ಹಾಕಲು ಅಸಾಧ್ಯವೆಂದು ಹೇಗೆ ನಂಬುವುದು? ಈ ಒಂದು ನಿರ್ಧಾರದಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಗಣಕಯಂತ್ರಗಳು ಕಸವಾಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ವಿಶ್ಲೇಷಣಾ ಸಂಸ್ಥೆ 2023ರ ಡಿಸೆಂಬರ್‌ನಲ್ಲೇ ಅಂದಾಜಿಸಿತ್ತು. ಅದು ಪರಿಸರವಾದಿಗಳ ಸಂಸ್ಥೆಯಲ್ಲ, ವ್ಯಾಪಾರಿಗಳಿಗಾಗಿ ಲೆಕ್ಕ ಹಾಕುವ ಸಂಸ್ಥೆ.

ಬೆಟ್ಟದ ಲೆಕ್ಕ

ಕಂಪ್ಯೂಟರಿನ ವಿಷಯಕ್ಕೂ ಬೆಟ್ಟಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಯುಕ್ತ ರಾಷ್ಟ್ರಗಳ ವಿಶ್ವವಿದ್ಯಾಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಆ ಸಂಬಂಧವನ್ನು ತೂಕ ಹಾಕಿ ತೋರಿಸಿತು. ಒಂದು ಡೆಸ್ಕ್‌ಟಾಪ್ ಗಣಕಯಂತ್ರ ಮತ್ತು ಅದರ 17 ಅಂಗುಲದ ಪರದೆಯನ್ನು ತಯಾರಿಸಲು 240 ಕಿಲೋಗ್ರಾಂ ಪಳೆಯುಳಿಕೆ ಇಂಧನ, 22 ಕಿಲೋಗ್ರಾಂ ರಾಸಾಯನಿಕ ಮತ್ತು 1500 ಕಿಲೋಗ್ರಾಂ ನೀರು ಬೇಕಾಗಿತ್ತು. ಆ ಲೆಕ್ಕ ದಪ್ಪ ಗಾಜಿನ ಪರದೆಗಳ ಕಾಲದ್ದು, ನಿಜ. ಆದರೆ ಇಂದಿನ ಲ್ಯಾಪ್‌ಟಾಪ್ ಕಂಪೆನಿಗಳು ತಾವೇ ಪ್ರಕಟಿಸುವ ಇಂಗಾಲದ ಲೆಕ್ಕಪತ್ರಗಳಲ್ಲೂ ಹೊರೆಯ ಬಹುಪಾಲು ಬೀಳುವುದು ತಯಾರಿಕೆಯ ಮೇಲೆಯೇ. ಮನೆಯಲ್ಲಿ ಉರಿಯುವ ಕರೆಂಟಿನದ್ದು ಸಣ್ಣ ಪಾಲು. ಹೊಸ ಯಂತ್ರ ಕಡಿಮೆ ವಿದ್ಯುತ್ ತಿನ್ನುತ್ತದೆಂದು ಹಳೆಯದನ್ನು ಎಸೆಯುವವರು ಈ ಲೆಕ್ಕವನ್ನು ನೋಡಬೇಕು.

ಆ ತಯಾರಿಕೆಗೆ ತಾಮ್ರ, ಚಿನ್ನ, ತವರ, ಕೋಬಾಲ್ಟ್, ಟ್ಯಾಂಟಲಂ ಬೇಕು. ಅವೆಲ್ಲ ಯಾವುದೋ ಬೆಟ್ಟದ ಹೊಟ್ಟೆಯಿಂದ, ಯಾವುದೋ ಹಳ್ಳಿಯವರ ಕಣ್ಣೆದುರಿನಲ್ಲೇ ಅಗೆದು ತಂದವು. ಕುದುರೆಮುಖದ ಕಬ್ಬಿಣದ ಗಣಿಯ ವಿರುದ್ಧ ವರ್ಷಗಟ್ಟಲೆ ದನಿಯೆತ್ತಿದ ನಾಡು ಇದು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು, 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಾಗ ಭದ್ರೆಯ ದಂಡೆಯ ಜನ ನಿಟ್ಟುಸಿರು ಬಿಟ್ಟರು. ತಮ್ಮ ಬೆಟ್ಟವನ್ನು ಅಗೆಯಬೇಡಿ ಎಂದವರು, ಕಾಂಗೋದ ಅಥವಾ ಚಿಲಿಯ ಬೆಟ್ಟವನ್ನು ಅಗತ್ಯವಿಲ್ಲದಿದ್ದರೂ ಅಗೆಸಿದರೆ ಆ ಹೋರಾಟದ ನೈತಿಕ ಬಲ ಎಲ್ಲಿ ಉಳಿಯುತ್ತದೆ?

ಎಸೆದ ಮೇಲಿನ ಕಥೆ ಇನ್ನೂ ಕಹಿ. 2024ರ ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಸೃಷ್ಟಿಸಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದ ದಾಖಲೆಯಿದ್ದದ್ದು ಶೇಕಡಾ 22.3ಕ್ಕೆ ಮಾತ್ರ. ಉಳಿದದ್ದು ಎಲ್ಲಿ ಹೋಯಿತೆಂಬುದನ್ನು ಊಹಿಸಲು ವಿದೇಶಕ್ಕೆ ಹೋಗಬೇಕಾಗಿಲ್ಲ. ಹಳ್ಳಿಗೆ ಬರುವ ಗುಜರಿಯವನು ಯಂತ್ರವನ್ನು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾನೆ. ಅದು ಕೈಯಿಂದ ಕೈಗೆ ದಾಟಿ ನಗರದ ಅಂಚಿನ ಶೆಡ್ಡು ಸೇರುತ್ತದೆ. ಅಲ್ಲಿ ತಾಮ್ರಕ್ಕಾಗಿ ವೈರುಗಳನ್ನು ಸುಡುತ್ತಾರೆ, ಚಿನ್ನಕ್ಕಾಗಿ ಫಲಕಗಳನ್ನು ಆಮ್ಲದಲ್ಲಿ ಅದ್ದುತ್ತಾರೆ. ಆ ಹೊಗೆಯನ್ನು ಕುಡಿಯುವವರು ಬಡ ಕೂಲಿಕಾರರು, ಅನೇಕ ಕಡೆ ಹೆಂಗಸರು ಮತ್ತು ಮಕ್ಕಳು. ಗುಜರಿಯವನು ಬೇಡವೆಂದ ಹಳೆಯ ಗಾಜಿನ ಮಾನಿಟರು, ಒಳಗೆ ಸೀಸವನ್ನಿಟ್ಟುಕೊಂಡು, ಊರಿನ ಹಳ್ಳದ ಬದಿಯಲ್ಲೇ ಉಳಿಯುತ್ತದೆ.

ಕೈಯಲ್ಲಿ ಹಣ ಕಡಿಮೆಯಿದ್ದಾಗ

ಎದುರಿಗಿರುವ ಯಂತ್ರವನ್ನು ಉಳಿಸುವುದು ಹೇಗೆಂದು ಹೇಳದೆ ಕಂಪೆನಿಯನ್ನು ಬೈಯುವುದು ಅರ್ಧ ಕೆಲಸ. ಹಣವನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕೆಂಬುದೇ ಇಲ್ಲಿ ಮುಖ್ಯ.

ಮೊದಲು, ಹಣ ಬೇಡದ ಕೆಲಸಗಳು. ಯಂತ್ರದಲ್ಲಿರುವ ಫೋಟೋ, ಜಮೀನಿನ ಕಾಗದಪತ್ರಗಳ ಪ್ರತಿ, ಓದಿನ ಕಡತಗಳನ್ನು ಬೇರೊಂದೆಡೆ ನಕಲು ಮಾಡಿಟ್ಟುಕೊಳ್ಳಬೇಕು. ಪ್ಲಗ್ಗನ್ನು ಕಿತ್ತು, ಪೆಟ್ಟಿಗೆ ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಬೇಕು. ಮಳೆಗಾಲ ಕಳೆದ ಮಲೆನಾಡಿನ ಮನೆಗಳಲ್ಲಿ ಇರುವೆಯ ಗೂಡು, ಹಲ್ಲಿಯ ಮೊಟ್ಟೆ ಅಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ತೇವದಿಂದ ಮಸುಕಾದ ರ‍್ಯಾಮ್ ಪಟ್ಟಿಯ ತುದಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ನಯವಾಗಿ ಉಜ್ಜಿ ಮತ್ತೆ ಕೂರಿಸಿದರೆ "ಸತ್ತ" ಯಂತ್ರಗಳು ಎದ್ದ ಉದಾಹರಣೆಗಳು ಎಷ್ಟೋ ಇವೆ. ಪ್ರತಿ ಸಲವೂ ದಿನಾಂಕ ತಪ್ಪಿ ತೋರಿಸುತ್ತಿದ್ದರೆ ಒಳಗಿನ ಸಿಆರ್2032 ಎಂಬ ಗುಂಡಗಿನ ಸಣ್ಣ ಸೆಲ್ ಬದಲಾಯಿಸಿದರೆ ಸಾಕು.

ಎರಡನೆಯದು ಹಾರ್ಡ್ ಡಿಸ್ಕ್. ಹತ್ತು ವರ್ಷದ ಯಂತ್ರ ನಿಧಾನವಾಗಿರುವುದಕ್ಕೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಒಳಗೆ ತಿರುಗುವ ಈ ತಟ್ಟೆಯೇ ಹೊರತು ಸಂಸ್ಕಾರಕವಲ್ಲ. ಅದರ ಜಾಗದಲ್ಲಿ 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿದರೆ ನಿಮಿಷಗಟ್ಟಲೆ ಏಳುತ್ತಿದ್ದ ಯಂತ್ರ ಅರೆನಿಮಿಷದ ಆಸುಪಾಸಿನಲ್ಲಿ ಎದ್ದು ನಿಲ್ಲುತ್ತದೆ. ಒಂದೇ ಒಂದು ಭಾಗಕ್ಕೆ ಹಣವಿದ್ದರೆ ಅದು ಇದಕ್ಕೆ ಸಲ್ಲಬೇಕು. ಹಳೆಯ ಡಿಸ್ಕನ್ನು ಯುಎಸ್‌ಬಿ ಕವಚಕ್ಕೆ ಹಾಕಿದರೆ ನಕಲು ಇಡುವ ಪೆಟ್ಟಿಗೆಯಾಗುತ್ತದೆ.

ಮೂರನೆಯದು ರ‍್ಯಾಮ್. 2 ಅಥವಾ 4 ಜಿಬಿ ಇರುವಲ್ಲಿ 8ಕ್ಕೆ ಏರಿಸಿದರೆ ವಿದ್ಯಾರ್ಥಿಯ ಕೆಲಸಕ್ಕೆ ಧಾರಾಳ. ಡಿಡಿಆರ್3 ಇರುವ ಯಂತ್ರಕ್ಕೆ ಡಿಡಿಆರ್4 ಹೊಂದುವುದಿಲ್ಲ. ಆದ್ದರಿಂದ ಇರುವ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಜಾಣತನ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಮೈಕ್ರಾನ್ ಕಂಪೆನಿಯಂತೂ ಆ ಡಿಸೆಂಬರ್‌ನಲ್ಲಿ, ಜನಸಾಮಾನ್ಯರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯಾಪಾರವನ್ನೇ ಕೈಬಿಡುವುದಾಗಿ ಸಾರಿತು. ಹೀಗಿರುವಾಗ ಅಕ್ಕಪಕ್ಕದ ಮನೆಯಲ್ಲಿ ಕೆಟ್ಟು ಕೂತ ಯಂತ್ರದ ರ‍್ಯಾಮ್ ಪಟ್ಟಿ ಕಸವಲ್ಲ, ಊರಿನ ಸೊತ್ತು.

ನಾಲ್ಕನೆಯದು ಕರೆಂಟು. ವೋಲ್ಟೇಜಿನ ಏರಿಳಿತ ಮತ್ತು ಸಿಡಿಲು ಮಲೆನಾಡಿನಲ್ಲಿ ಕೊಲ್ಲುವಷ್ಟು ಯಂತ್ರಗಳನ್ನು ಮುಪ್ಪು ಕೊಲ್ಲುವುದಿಲ್ಲ. ಸತ್ತ ಯುಪಿಎಸ್‌ಗೆ ಬ್ಯಾಟರಿಯನ್ನಷ್ಟೇ ಬದಲಾಯಿಸಬಹುದು. ಗುಡುಗಿನ ಸದ್ದು ಕೇಳಿದ ಕೂಡಲೇ ಕರೆಂಟಿನ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕೀಳುವುದಕ್ಕೆ ಕಾಸು ಬೇಡ.

ಹಳೆಯ ಮದರ್‌ಬೋರ್ಡಿಗೆ ದುಬಾರಿ ಸಂಸ್ಕಾರಕವನ್ನೋ ಗ್ರಾಫಿಕ್ಸ್ ಕಾರ್ಡನ್ನೋ ಹುಡುಕಿ ತರುವುದು ಮಾತ್ರ ಹಣದ ಅಪವ್ಯಯ.

ಕೊನೆಯದು ತಂತ್ರಾಂಶ. ವಿಂಡೋಸಿನ ಬಾಗಿಲು ಮುಚ್ಚಿದಲ್ಲಿ ಲಿನಕ್ಸಿನ ಬಾಗಿಲು ತೆರೆದಿದೆ, ಅದೂ ಉಚಿತವಾಗಿ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಗೆ 2 ಜಿಬಿ ರ‍್ಯಾಮ್ ಕನಿಷ್ಠ, 4 ಜಿಬಿ ಹಿತಕರ. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ಯಂತ್ರಕ್ಕೆ ಸ್ಥಾಪಿಸಬಹುದು. ಯೂನಿಕೋಡ್ ಕನ್ನಡ ಅದರಲ್ಲಿ ಸಲೀಸಾಗಿ ಮೂಡುತ್ತದೆ. ಇದು ಬಡವರ ಪಾಲಿನ ಎರಡನೆಯ ದರ್ಜೆಯ ವಸ್ತುವೆಂದು ಮೂಗು ಮುರಿಯುವವರು ಗಡಿಯಾಚೆಯ ಕೇರಳದತ್ತ ನೋಡಲಿ. ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ಎಷ್ಟೋ ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಲಿಯುತ್ತಿದ್ದಾರೆ. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಯಂತ್ರಗಳಿಗೆ ಅದರ ಹೊಸ ಆವೃತ್ತಿಯನ್ನು ಅಳವಡಿಸುವ ಕಾರ್ಯಕ್ರಮವನ್ನು ಆ ರಾಜ್ಯ ಕೈಗೊಂಡಿತು.

ಮಿತಿಗಳನ್ನು ಮುಚ್ಚಿಡಬೇಕಾಗಿಲ್ಲ

ಲೆಕ್ಕಪತ್ರದ ಟ್ಯಾಲಿಯಂಥ ಕೆಲವು ತಂತ್ರಾಂಶಗಳು ವಿಂಡೋಸಿಗಾಗಿಯೇ ರೂಪುಗೊಂಡವು. ಅವುಗಳಿಂದಲೇ ಹೊಟ್ಟೆ ಹೊರೆಯುವವರಿಗೆ ಲಿನಕ್ಸ್ ಸುಲಭದ ಉತ್ತರವಲ್ಲ. ತೀರಾ ಹಳೆಯ 32 ಬಿಟ್ ಯಂತ್ರಗಳಿಗೂ ದಾರಿ ಕಿರಿದಾಗಿದೆ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅಂಥ ಯಂತ್ರಗಳಿಗೆ ಸ್ಥಾಪನೆಯ ಸೌಲಭ್ಯವನ್ನು ಕೈಬಿಟ್ಟಿತು. ಮದರ್‌ಬೋರ್ಡು ಸುಟ್ಟು, ದುರಸ್ತಿಯ ಖರ್ಚು ಯಂತ್ರದ ಬೆಲೆಯನ್ನೂ ಮೀರಿದರೆ ಅದನ್ನು ಬೀಳ್ಕೊಡಲೇಬೇಕು. ಎಲ್ಲ ಯಂತ್ರಕ್ಕೂ ಒಂದು ಸಾವಿದೆ. ಆಕ್ಷೇಪವಿರುವುದು ಆಯುಷ್ಯ ಇರುವಾಗಲೇ ಬರೆದುಕೊಡುವ ಮರಣಪತ್ರದ ಬಗ್ಗೆ.

ಆಗಬೇಕಾದದ್ದು

ಸರ್ಕಾರ ಸುಮ್ಮನೆ ಕೂತಿಲ್ಲವೆನ್ನುವುದಕ್ಕೆ ಕಾಗದದ ಮೇಲೆ ಸಾಕ್ಷ್ಯವಿದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಉತ್ಪಾದಕರ ಮೇಲೆ ಮರುಬಳಕೆಯ ಗುರಿಯನ್ನು ಶೇಕಡಾ 60ರಿಂದ ಹಂತಹಂತವಾಗಿ 80ಕ್ಕೆ ಏರಿಸುವ ಹೊಣೆ ಹೊರಿಸಿದವು. ಆದರೆ ಆ ನಿಯಮಗಳ ಭಾರವೆಲ್ಲ ಯಂತ್ರ ಸತ್ತ ಮೇಲಿನ ಸಂಸ್ಕಾರದ ಮೇಲಿದೆ. ಬದುಕಿರುವ ಯಂತ್ರಕ್ಕೆ ಎಷ್ಟು ವರ್ಷ ತಂತ್ರಾಂಶದ ಬೆಂಬಲ ಕೊಡಬೇಕೆಂಬ ಮಾತು ಅವುಗಳಲ್ಲಿಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಅದು ಕಂಪೆನಿಗಳ ಮಾಹಿತಿಯನ್ನು ಒಂದೆಡೆ ತರುವ ಫಲಕ, ಕಂಪೆನಿಯ ಕೈ ಹಿಡಿಯುವ ಕಾನೂನಲ್ಲ.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಗಣಕಯಂತ್ರವನ್ನು ಮಾರುವಾಗಲೇ ಅದಕ್ಕೆ ಯಾವ ವರ್ಷದವರೆಗೆ ಭದ್ರತಾ ಬೆಂಬಲವಿದೆಯೆಂದು ಪೆಟ್ಟಿಗೆಯ ಮೇಲೆ ಅಚ್ಚಿಸುವುದು ಕಡ್ಡಾಯವಾಗಲಿ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿ, ಮುಂದೆ ಏರಿಸಲಾಗದಂತೆ ಮಾಡಿದ ಲ್ಯಾಪ್‌ಟಾಪಿನ ಮೇಲೆ ಆ ಮಾತೂ ದಪ್ಪಕ್ಷರದಲ್ಲಿ ಇರಲಿ. ಸರ್ಕಾರಿ ಕಚೇರಿ, ಶಾಲೆ, ಬ್ಯಾಂಕುಗಳು ವಿಲೇವಾರಿ ಮಾಡುವ ಯಂತ್ರಗಳು ಹರಾಜಿನಲ್ಲಿ ಗುಜರಿ ಸೇರುವ ಮೊದಲು ದುರಸ್ತಿಗೊಂಡು ಗ್ರಾಮೀಣ ವಿದ್ಯಾರ್ಥಿಗಳಿಗೆ ದೊರೆಯಲಿ. ಪ್ರತಿ ತಾಲ್ಲೂಕಿನಲ್ಲೂ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರವೊಂದು ಇರಲಿ.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಮಲೆನಾಡಿನ ಐಟಿಐ, ಪಾಲಿಟೆಕ್ನಿಕ್, ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ, ಒಂದು ಸ್ಕ್ರೂಡ್ರೈವರ್, ಒಂದು ಬ್ರಷ್, ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವ್ ಹಿಡಿದು ಶಾಲೆಯ ಜಗಲಿಯಲ್ಲಿ ಒಂದು ಭಾನುವಾರ ಕೂತರೆ ಊರಿನ ಹತ್ತಾರು ಯಂತ್ರಗಳು ಮತ್ತೆ ಉಸಿರಾಡುತ್ತವೆ. ಕುಲುಮೆಯೆದುರು ಕುಳಿತು ಕತ್ತಿಗೆ ಹೊಸ ಹಿಡಿ ಕೂರಿಸುತ್ತಿದ್ದ ಕಮ್ಮಾರ ಮಾಡಿದ್ದೂ ಇದೇ ಕೆಲಸ. ಕತ್ತಿ ಇನ್ನೂ ಹರಿತವಾಗಿದೆಯೇ ಎಂಬುದನ್ನು ನಿರ್ಧರಿಸುವ ಹಕ್ಕು ಅದನ್ನು ಹಿಡಿದು ದುಡಿಯುವವನದ್ದು, ಮಾರಿದವನದ್ದಲ್ಲ.