ಓದು ಮುಗಿಯುವ ಮುನ್ನವೇ ಕಟ್ಟಿದ ಶಾಲೆ

ಪರದೇಶಕ್ಕೆ ತೆರಳಿ ವಿದ್ಯಾವಂತನಾದವನು ಹುಟ್ಟೂರಿಗೆ ಹಣವನ್ನು ಕಳುಹಿಸಿದರೆ ಅದನ್ನು ಔದಾರ್ಯವೆಂದು ನಾವು ಕೊಂಡಾಡುವುದುಂಟು. ಆದರೆ ತಾನು ಕಲಿಯುತ್ತಿರುವ ವಿದ್ಯೆಯನ್ನೇ, ಅದು ಇನ್ನೂ ಪೂರ್ಣವಾಗದಿರುವಾಗಲೇ, ಊರಿನ ಬಡಜನರೆದುರು ಪರೀಕ್ಷೆಗೆ ಒಡ್ಡುವುದು ಅದಕ್ಕಿಂತಲೂ ಹಿರಿದಾದ ದಾನವೆಂಬುದು ನನ್ನ ದೃಢವಾದ ನಂಬಿಕೆ. ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಅವರ ಜೀವನವು ಈ ಮಾತಿಗೆ ಸಾಕ್ಷಿಯಾಗಿದೆ.

1965ರಲ್ಲಿ, ಇಂದು ಬುರ್ಕಿನಾ ಫಾಸೊ ಎನಿಸಿಕೊಂಡಿರುವ ಪಶ್ಚಿಮ ಆಫ್ರಿಕದ ನಾಡಿನ ಗಾಂಡೊ ಗ್ರಾಮದಲ್ಲಿ ಊರ ಮುಖ್ಯಸ್ಥನ ಮಗನಾಗಿ ಜನಿಸಿದ ಫ್ರಾನ್ಸಿಸರು, ತಮ್ಮೂರಿನಲ್ಲಿ ಶಾಲೆಯೇ ಇಲ್ಲದಿದ್ದುದರಿಂದ ಏಳನೆಯ ವಯಸ್ಸಿಗೇ ಮನೆಯನ್ನಗಲಿ, ಪಟ್ಟಣದ ಶಾಲೆಯೊಂದರ ಗಾಳಿಯಾಡದ, ಕಾದ ಒಲೆಯಂತಿದ್ದ ಸಿಮೆಂಟಿನ ಕೊಠಡಿಯಲ್ಲಿ ನೂರಕ್ಕೂ ಮಿಕ್ಕ ಮಕ್ಕಳ ನಡುವೆ ಕುಳಿತು ಅಕ್ಷರವನ್ನು ಕಲಿತರು. ರಜೆಯಲ್ಲಿ ಬಂದು ಮತ್ತೆ ಹೊರಟು ನಿಂತಾಗ ಊರಿನ ಹೆಂಗಸರು ಉಟ್ಟ ಬಟ್ಟೆಯ ಮಡಿಕೆಯಿಂದ ತಮ್ಮಲ್ಲಿದ್ದ ಕಡೆಯ ಕಾಸನ್ನು ತೆಗೆದು ಆ ಬಾಲಕನ ಕೈಗಿಡುತ್ತಿದ್ದರಂತೆ. 1985ರಲ್ಲಿ ಬಡಗಿ ಕೆಲಸದ ತರಬೇತಿಗಾಗಿ ವಿದ್ಯಾರ್ಥಿವೇತನ ಪಡೆದು ಜರ್ಮನಿಗೆ ಹೋದ ಅವರು, ರಾತ್ರಿಶಾಲೆಯಲ್ಲಿ ಓದಿ, ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯವನ್ನು ಸೇರಿದರು. ತಮ್ಮೂರಿಗೆ ಶಾಲೆಯನ್ನು ಕಟ್ಟಲೆಂದು 1998ರಲ್ಲಿ ಮಿತ್ರರೊಡಗೂಡಿ ಸಂಘವೊಂದನ್ನು ಸ್ಥಾಪಿಸಿ ಹಣ ಕೂಡಿಸಿದರು. 2001ರಲ್ಲಿ ಗಾಂಡೊದ ಪ್ರಾಥಮಿಕ ಶಾಲೆ ಎದ್ದು ನಿಂತಿತು. ಅವರಿಗೆ ಪದವಿ ದೊರೆತದ್ದಾದರೋ 2004ರಲ್ಲಿ.

ಆ ಶಾಲೆಯನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಜರ್ಮನಿಯಲ್ಲಿ ಓದಿದವನು ಗಾಜು ಉಕ್ಕುಗಳನ್ನು ತರುವನೆಂದು ಎದುರುನೋಡುತ್ತಿದ್ದ ಗ್ರಾಮಸ್ಥರಿಗೆ ಮಣ್ಣಿನ ಗೋಡೆಯ ಮಾತು ರುಚಿಸಲಿಲ್ಲ; ಮಳೆಗೆ ಕರಗುವ ಮಣ್ಣಿನ ಪಾಡನ್ನು ಅವರು ಪ್ರತಿವರ್ಷವೂ ಕಂಡವರೇ. ಫ್ರಾನ್ಸಿಸರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟನ್ನು ಬೆರೆಸಿ ಒತ್ತಿದ ಇಟ್ಟಿಗೆಗಳನ್ನು ಮಾಡಿಸಿದರು. ಮಣ್ಣಿನ ಕಮಾನು ಭಾರವನ್ನು ತಾಳುವುದೆಂಬುದನ್ನು, ತಾವೇ ಅದರ ಮೇಲೆ ಹತ್ತಿ ಕುಣಿದು ತೋರಿಸಿದರು. ಮಕ್ಕಳು ಅಡಿಪಾಯಕ್ಕೆ ಕಲ್ಲು ಹೊತ್ತರು, ಹೆಂಗಸರು ನೆಲವನ್ನು ಬಡಿದು ಗಟ್ಟಿಗೊಳಿಸಿದರು, ತರುಣರು ಕಬ್ಬಿಣದ ಸರಳುಗಳನ್ನು ಬೆಸೆಯುವುದನ್ನು ಕಲಿತರು. ತಗಡಿನ ಮಾಡನ್ನು ಆ ಸರಳುಗಳ ಹಂದರದ ಮೇಲೆ, ರಂಧ್ರಗಳುಳ್ಳ ಇಟ್ಟಿಗೆಯ ಒಳಚಾವಣಿಯಿಂದ ಬಹಳಷ್ಟು ಮೇಲಕ್ಕೆ ಎತ್ತಿ ನಿಲ್ಲಿಸಿದುದರಿಂದ, ತಗಡಿನ ತಾಪವು ಕೊಠಡಿಗೆ ಇಳಿಯದು. ಒಳಗಣ ಬಿಸಿಗಾಳಿಯು ರಂಧ್ರಗಳ ಮೂಲಕ ಮೇಲೇರಿ ಬೀಸುವ ಗಾಳಿಯೊಡನೆ ಹೊರಟುಹೋಗುವುದು. ಕಿಟಕಿಗಳಿಂದ ಹೊಸ ಗಾಳಿ ಬರುವುದು. ವಿದ್ಯುತ್ತಿನ ಹಂಗಿಲ್ಲದ ಈ ಏರ್ಪಾಡಿಗೆ 2004ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಸಂದಿತು. 2022ರಲ್ಲಿ ವಾಸ್ತುಶಿಲ್ಪದ ಅತ್ಯುಚ್ಚ ಗೌರವವೆನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ಪಡೆದ ಫ್ರಾನ್ಸಿಸರು ಆ ಗೌರವಕ್ಕೆ ಪಾತ್ರರಾದ ಪ್ರಥಮ ಆಫ್ರಿಕನ್ನರು.

ಬಡವರಿಗೆ ಕಟ್ಟುವಾಗ ಬುದ್ಧಿಯನ್ನು ಮಿತವಾಗಿ ಬಳಸಿದರೆ ಸಾಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾಸ್ತವದಲ್ಲಿ, ಹಣ ಕಡಿಮೆಯಿರುವೆಡೆಯಲ್ಲಿಯೇ ಶಾಸ್ತ್ರಜ್ಞಾನವು ಅಧಿಕವಾಗಿ ಬೇಕು. ಈ ತಿಳಿವಳಿಕೆ ನಮಗೆ ಅಪರಿಚಿತವಾದುದಲ್ಲ. 1974ರಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರವು ಪ್ರಾರಂಭವಾಗಿ, ಕೆ.ಎಸ್. ಜಗದೀಶರೂ ಅವರ ಸಹೋದ್ಯೋಗಿಗಳೂ ಇಂಥದೇ ಮಣ್ಣಿನ ಇಟ್ಟಿಗೆಗಳನ್ನು ಕುರಿತು ವರ್ಷಗಟ್ಟಲೆ ಸಂಶೋಧನೆ ನಡೆಸಿದರು. ಉತ್ತರ ಕರ್ನಾಟಕದ ಹಳೆಯ ಮಣ್ಣಿನ ಮಾಳಿಗೆಯ ಮನೆಗಳು ಬೇಸಗೆಯಲ್ಲಿ ಎಷ್ಟು ತಂಪಾಗಿರುವುವೆಂಬುದನ್ನು ಅಲ್ಲಿಯ ಹಿರಿಯರನ್ನು ಕೇಳಿದರೆ ಸಾಕು. ಇಷ್ಟಿದ್ದೂ ರಾಯಚೂರು, ಯಾದಗಿರಿಗಳ ಉರಿಬಿಸಿಲಿನಲ್ಲಿ ನಮ್ಮ ಮಕ್ಕಳು ತಗಡಿನ ಅಡಿಯಲ್ಲಿ ಬೆವರುತ್ತ ಪಾಠ ಕೇಳಬೇಕಾಗಿ ಬರುವುದು ಖೇದಕರ.

ನಮ್ಮ ವಾಸ್ತುಶಿಲ್ಪ ವಿದ್ಯಾಲಯಗಳು ಕಡೆಯ ವರ್ಷದ ವಿದ್ಯಾರ್ಥಿಗೆ ಇಂಥ ಊರಿನ ಒಂದು ತರಗತಿಯ ಕೊಠಡಿಯನ್ನೇ ವಿಷಯವಾಗಿ ಕೊಡಲಿ. ಆತನು ಅದನ್ನು ಕಾಗದದ ಮೇಲೆ ಬರೆದು ಬಿಡದೆ ಊರವರೊಡನೆ ಕೂಡಿ ಕಟ್ಟಲಿ. ಪರೀಕ್ಷಕರು ಮಾರ್ಚ್ ತಿಂಗಳ ನಡುಹಗಲಲ್ಲಿ ಮಕ್ಕಳೊಡನೆ ಅಲ್ಲಿ ಕುಳಿತು ಅಂಕಗಳನ್ನು ಕೊಡಲಿ.