ಟ್ರ್ಯಾಕ್ಟರ್ ಕೊಡೋಣ, ಕಾಗದಾನೂ ಕೇಳೋಣ

ಮಹಾರಾಷ್ಟ್ರದಾಗ ಮಳಿ ಜೋರಾತು ಅಂತ ಸುದ್ದಿ ಬಂದಾಗೆಲ್ಲ ನನಗೆ 2019ರ ಆಗಸ್ಟ್ ನೆನಪಾಗ್ತದ. ಕೃಷ್ಣಾ ಹೊಳಿ ಕಬ್ಬಿನ ಹೊಲ ದಾಟಿ ಊರ ಅಗಸಿಗೆ ಬಂದು ನಿಂತಿತ್ತು. ರಾತ್ರಿ ಒಬ್ಬ ಅಧಿಕಾರಿ ಬಂದು, "ಟ್ರ್ಯಾಕ್ಟರ್ ಬೇಕು, ಕೊಡದಿದ್ರ ಕೇಸ್ ಹಾಕ್ತೀವಿ" ಅಂದ್ರು. ಹೆದರಿಸೋದು ಬೇಕೇ ಇರಲಿಲ್ಲ, ನಾನು ಆಗಲೇ ಕೀಲಿ ಕೈಯಾಗ ಹಿಡಿದಿದ್ದೆ. ಆರು ದಿನ ಮಂದಿ, ದನ, ಜೋಳದ ಚೀಲ ಸಾಗಿಸಿದೆ. ಅದಕ್ಕ ಬ್ಯಾಸರಿಲ್ಲ. ಆದ್ರ ಆಮೇಲೆ ಬಾಡಿಗಿ ಕೇಳಾಕ ಹೋದ್ರ, "ಆದೇಶದ ಪ್ರತಿ ಎಲ್ಲೈತಿ?" ಅಂದ್ರು. ಪ್ರತಿ ಇರಲಿಲ್ಲ. ಡೀಸೆಲ್ ದುಡ್ಡೂ ಬರಲಿಲ್ಲ.

ಆಮೇಲೆ ಕಾನೂನು ಓದಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಅಧಿಕಾರಿಗಳಿಗೆ ದೊಡ್ಡ ಅಧಿಕಾರ ಕೊಟ್ಟದ, ಸುಳ್ಳಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ ರಸ್ತೆ ಬಂದ್ ಮಾಡಬಹುದು, ಅಪಾಯದ ಜಾಗಕ್ಕೆ ಹೋಗದಂತೆ ತಡೀಬಹುದು. 65ನೇ ಕಲಂ ಪ್ರಕಾರ ನಮ್ಮ ವಾಹನ, ಕಟ್ಟಡ, ಸಾಮಾನು ವಶಕ್ಕೆ ತಗೋಬಹುದು. ಸಕಾರಣ ಇಲ್ಲದೆ ಆದೇಶ ಪಾಲಿಸದಿದ್ರ 51ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು. ಅದರಿಂದ ಜೀವ ಹೋದ್ರ ಎರಡು ವರ್ಷ.

ನೀರು ಏರುವಾಗ ಯಾರಾದ್ರೂ ಒಬ್ಬರು ಗಟ್ಟಿಯಾಗಿ ಹೇಳಬೇಕು, ಉಳಿದವರು ಕೇಳಬೇಕು. ಈ ಅಧಿಕಾರ ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಆದ್ರ ಅದೇ 65ನೇ ಕಲಂ, ವಶಕ್ಕೆ ತಗೊಳ್ಳೋದು ಲಿಖಿತ ಆದೇಶದ ಮೂಲಕ ಅಂತ ಹೇಳ್ತದ. ಅಗತ್ಯ ಇರೋತನಕ ಮಾತ್ರ ಇಟ್ಕೋಬೇಕು ಅಂತಾನೂ ಹೇಳ್ತದ. 66ನೇ ಕಲಂ ಪ್ರಕಾರ ವಾಹನಕ್ಕೆ ಆ ಭಾಗದ ಬಾಡಿಗೆ ದರದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ಕಡಿಮಿ ಆತು ಅನಿಸಿದ್ರ ನಿಗದಿತ ಸಮಯದೊಳಗೆ ಸರ್ಕಾರಕ್ಕೆ ಅರ್ಜಿ ಹಾಕಿ ಮಧ್ಯಸ್ಥಗಾರರ ಮುಂದೆ ಒಯ್ಯಬಹುದು. 51ನೇ ಕಲಂ ಎಲ್ಲರ ಬಾಯಾಗದ, 66 ಯಾರ ಬಾಯಾಗೂ ಇಲ್ಲ.

ಇನ್ನೊಂದು ನೋಡ್ರಿ. ಕರ್ತವ್ಯ ಬಿಟ್ಟು ಹೋಗುವ ಅಧಿಕಾರಿಗೂ 56ನೇ ಕಲಂನಲ್ಲಿ ಶಿಕ್ಷೆ ಅದ. ಆದ್ರ ಸರ್ಕಾರದ ಮಂಜೂರಾತಿ ಇಲ್ಲದೆ ಅವರ ಮ್ಯಾಲೆ ಕೇಸ್ ನಡೆಯಂಗಿಲ್ಲ. ನಮ್ಮ ಮ್ಯಾಲಿನ ಕೇಸಿಗೆ ಅಂಥ ಮಂಜೂರಾತಿ ಬೇಕಿಲ್ಲ. ತಕ್ಕಡಿ ಮೊದಲೇ ಅವರ ಕಡೆ ವಾಲೇತಿ. ನಮ್ಮ ಕಡೆ ಇರೋದು ಆ ಒಂದು ಹಾಳಿ.

"ಪ್ರವಾಹದಾಗ ಕಾಗದ ಯಾರು ಬರೀತಾರ?" ಅಂತ ಕೆಲವರು ಕೇಳ್ತಾರ. ದಿನಾಂಕ, ಗಾಡಿ ನಂಬರ್, ಯಾತಕ್ಕೆ ಬೇಕು, ಸಹಿ: ಎರಡು ನಿಮಿಷದ ಕೆಲಸ. ಜೀವ ಉಳಿಸೋ ಹೊತ್ತಿಗೆ ಅದೂ ಆಗದಿದ್ರ ಮೊದಲು ಗಾಡಿ ಕೊಡ್ರಿ, ಮರುದಿನ ಕಾಗದ ಬರೆಸ್ಕೊಳ್ರಿ. ಬಂದವರ ಹುದ್ದೆ, ಹೊತ್ತು, ಗಾಡಿಯ ಗಂಟೆ ಮೀಟರ್ ಫೋಟೋ ತೆಗೆದಿಟ್ಟುಕೊಳ್ರಿ. ಡೀಸೆಲ್ ಚೀಟಿ ಒಗೀಬ್ಯಾಡ್ರಿ.

ಅದಕ್ಕಿಂತ ಛಲೋ ಅಂದ್ರ, ಹೊಳಿ ದಂಡಿ ಊರಿನವರು ಮಳಿಗಾಲಕ್ಕೆ ಮೊದಲೇ ಗ್ರಾಮಸಭೆಯಲ್ಲಿ ಕೂತು ಯಾರ ಹತ್ರ ಟ್ರ್ಯಾಕ್ಟರ್, ಯಾರ ಹತ್ರ ಜೆಸಿಬಿ, ದಿನದ ಬಾಡಿಗಿ ಎಷ್ಟು ಅಂತ ಪಟ್ಟಿ ಮಾಡಿ ತಹಶೀಲ್ದಾರರಿಗೆ ಕೊಡೋಣ. ಖಾಲಿ ಆದೇಶದ ನಮೂನೆ ಪಂಚಾಯ್ತಿಯಲ್ಲೇ ಇರಲಿ.

ಆ ರಾತ್ರಿ ನನ್ನ ಜೊತೆ ಗಾಡಿ ಕೊಟ್ಟವರಲ್ಲಿ ಒಬ್ಬ, "ಇನ್ನೊಮ್ಮೆ ಬಂದ್ರ ಕೀಲಿ ಮುಚ್ಚಿಡ್ತೀನಿ" ಅಂತ ಮೊನ್ನೆ ಅಂದ. ನನಗೆ ನೀರಿಗಿಂತ ಆ ಮಾತೇ ಹೆಚ್ಚು ಹೆದರಿಕಿ ಆತು.